ತವರು ಯಾವ ಊರು?

ಹಾಸನದಲ್ಲಿ ಹೊಸದಾಗಿ ಪರಿಚಯವಾದ ಹೆಂಗಸರು ಎರಡನೆಯ ಮಾತಿಗೇ ಕೇಳುವುದು ಇದನ್ನು: “ನಿಮ್ಮ ತವರು ಯಾವ ಊರು?” ನಾನು ಪಾಠ ಮಾಡುವ ಶಾಲೆಗೆ ಮಕ್ಕಳನ್ನು ಬಿಡಲು ಬರುವ ತಾಯಂದಿರು ಕೇಳುತ್ತಾರೆ, ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತವರು ಕೇಳುತ್ತಾರೆ, ಅರಸೀಕೆರೆ ಬಸ್ಸಿನಲ್ಲಿ ಸೀಟು ಹಂಚಿಕೊಂಡವರೂ ಕೇಳುತ್ತಾರೆ. ಉತ್ತರ ಕೇಳಿದ ಮೇಲೆ ಹೆಚ್ಚಿನವರು ಇನ್ನೊಂದನ್ನು ಸೇರಿಸುತ್ತಾರೆ: “ಅಯ್ಯೋ, ಹೇಗೆ ತಡೆದುಕೊಂಡಿರಿ?” ಈಚಿನ ವರ್ಷಗಳಲ್ಲಿ ಈ ಎರಡನೆಯ ಪ್ರಶ್ನೆ ಬರಿಯ ಮರುಕದಿಂದ ಬರುತ್ತಿಲ್ಲ. ಎತ್ತಿನಹೊಳೆ ಕಾಲುವೆಗೆ ಜಮೀನು ಹೋದವರು, ಹೆದ್ದಾರಿ ಅಗಲವಾಗಿ ಅಂಗಳ ಕಳೆದುಕೊಂಡವರು ತಮಗಾಗಿ ಕೇಳುತ್ತಿದ್ದಾರೆ. ಅದಕ್ಕೇ ಸಾವಧಾನವಾಗಿ ಬರೆಯುತ್ತಿದ್ದೇನೆ.

ನಾನು ಹುಟ್ಟಿದ ಊರು ಹೇಮಾವತಿ ಜಲಾಶಯದ ಒಳಗಿದೆ. ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, ಬೇಸಿಗೆಯಲ್ಲಿ, ನಾವು ಮನೆ ಬಿಟ್ಟೆವು. ಆಗ ನನಗೆ ಹತ್ತು ವರ್ಷ. ಶೆಟ್ಟಿಹಳ್ಳಿಯ ಚರ್ಚನ್ನು ಈಗ ಎಲ್ಲರೂ ಬಲ್ಲರು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಆ ಕಟ್ಟಡ ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವುದನ್ನು ನೋಡಲು ಭಾನುವಾರ ಕಾರುಗಳು ಸಾಲುಗಟ್ಟುತ್ತವೆ. ಅದಾದರೂ ಗೋಡೆಯಷ್ಟು ಉಳಿದಿದೆ. ನಮ್ಮದು ಮಣ್ಣಿನ ಗೋಡೆಯ, ನಾಡಹೆಂಚಿನ ಮನೆಗಳ ಊರು. ನೀರು ಬರುವ ಮೊದಲೇ ನಾವೇ ಅದನ್ನು ಬಿಚ್ಚಿದ್ದೆವು. ಅಪ್ಪ ಮತ್ತು ಚಿಕ್ಕಪ್ಪ ಹೆಂಚು ಇಳಿಸಿದರು, ತೊಲೆ ಕಳಚಿದರು, ಬಾಗಿಲನ್ನು ಹೊಸ್ತಿಲು ಸಮೇತ ಕಿತ್ತು ಲಾರಿಗೆ ಹಾಕಿದರು. ಬೀಸುವ ಕಲ್ಲು ಬಂತು. ನೆಲದಲ್ಲಿ ಹೂತಿದ್ದ ಒರಳುಕಲ್ಲು ಬರಲಿಲ್ಲ. ಹೊಲದ ಬದುವಿನಲ್ಲಿ ಮಣ್ಣು ಮಾಡಿದ್ದ ಅಜ್ಜಿಯೂ ಅಲ್ಲೇ ಉಳಿದರು.

ನಮಗೆ ಜಮೀನು ಸಿಕ್ಕಿದ್ದು ಆಲೂರು ತಾಲ್ಲೂಕಿನ ಪಡುವಣ ಅಂಚಿನಲ್ಲಿ, ಲಂಟಾನ ತುಂಬಿದ ಕುರುಚಲು. ಅಲ್ಲಿನವರು ನಮ್ಮನ್ನು ಹೆಸರು ಹಿಡಿದು ಕರೆಯಲಿಲ್ಲ, “ಮುಳುಗಡೆಯವರು” ಎಂದರು. ಶಾಲೆಯಲ್ಲಿ ನಾನು “ಮುಳುಗಡೆ ಹುಡುಗಿ”. ಆ ಮಾತು ನನಗೆ ಎಷ್ಟು ಅವಮಾನವಾಗಿ ಕಾಣುತ್ತಿತ್ತೆಂದರೆ, ಯಾರಾದರೂ ಊರು ಕೇಳಿದರೆ “ಗೊರೂರು” ಎಂದು ಸುಳ್ಳು ಹೇಳುತ್ತಿದ್ದೆ. ಗೊರೂರು ಮುಳುಗಿಲ್ಲವಲ್ಲ, ಮುಂದಿನ ಪ್ರಶ್ನೆ ಬರುತ್ತಿರಲಿಲ್ಲ.

ಆ ವರ್ಷಗಳಲ್ಲಿ ಅಪ್ಪ ಮತ್ತು ಅವ್ವ ಎರಡು ದಾರಿ ಹಿಡಿದರು. ಅಪ್ಪ ಸಂಜೆಯಾದರೆ ಜಗಲಿಯಲ್ಲಿ ಮೂಡಲಿಗೆ ಮುಖ ಮಾಡಿ ಕೂರುತ್ತಿದ್ದರು. ಹೊಳೆ ಇದ್ದದ್ದು ಆ ದಿಕ್ಕಿನಲ್ಲಿ. ಮಾತು ತೀರ ಕಡಿಮೆಯಾಯಿತು. ಅದನ್ನು ದುರ್ಬಲತೆ ಎಂದು ನಾನು ಒಪ್ಪುವುದಿಲ್ಲ. ನಲವತ್ತು ವರ್ಷ ಉತ್ತ ನೆಲಕ್ಕಾಗಿ ಮನುಷ್ಯ ಒಂದೆರಡು ವರ್ಷ ಸುಮ್ಮನೆ ಕೂತರೆ ಅದು ನ್ಯಾಯವೇ. ಆದರೆ ಮನೆಯ ಒಲೆ ಉರಿದದ್ದು ಅವ್ವನಿಂದ.

ಅವ್ವ ಬೂದಿಯಲ್ಲಿ ಕಲಸಿಟ್ಟ ಬೀಜಗಳ ಗಂಟುಗಳನ್ನು ತಂದಿದ್ದಳು: ರಾಗಿ, ಅವರೆ, ಸೋರೆ, ಕುಂಬಳ. ಮೊದಲ ವರ್ಷ ಹಳೆಯ ಊರಿನ ಲೆಕ್ಕದಲ್ಲೇ ಬಿತ್ತಿದಳು. ಹಾಸನ ಜಿಲ್ಲೆಯಲ್ಲಿ ಪಡುವಲಿಗೆ ಸರಿದ ಹಾಗೆಲ್ಲ ಮಳೆ ಏರುತ್ತದೆ, ಹತ್ತಾರು ಮೈಲಿಯಲ್ಲಿ ಹವೆಯೇ ಬೇರೆ. ರಾಗಿ ನಿಂತ ನೀರಿನಲ್ಲಿ ಹಳದಿಯಾಯಿತು, ಅವರೆ ಬುಡದಲ್ಲೇ ಕೊಳೆಯಿತು. ಎರಡನೆಯ ವರ್ಷ ಅವ್ವ ಒಂದು ಸೇರು ರಾಗಿ ಹಿಟ್ಟು ಮಡಿಲಲ್ಲಿಟ್ಟುಕೊಂಡು, ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಮೇಲಿನ ಮನೆಯ ಅಜ್ಜಿಯ ಬಳಿಗೆ ಹೋದಳು. ನಾನೂ ಜೊತೆಯಲ್ಲಿದ್ದೆ. “ಅಮ್ಮಾ, ನಿಮ್ಮ ಮಳೆ ನನಗೆ ಗೊತ್ತಿಲ್ಲ. ಯಾವಾಗ ಏನು ಬಿತ್ತಬೇಕು, ಹೇಳಿಕೊಡಿ” ಎಂದಳು. ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ನಮ್ಮ ಹೊಲಕ್ಕೇ ಬಂದರು. ತಗ್ಗನ್ನು ತೋರಿಸಿ ಇಲ್ಲಿ ಭತ್ತ ಎಂದರು, ದಿಣ್ಣೆಯನ್ನು ತೋರಿಸಿ ಮಳೆಯ ಜೋರು ಇಳಿದ ಮೇಲೆ ಅವರೆ ಎಂದರು. ಭತ್ತದ ನಾಟಿಯನ್ನು ಅವ್ವ ಕಲಿತದ್ದು ಆ ಅಜ್ಜಿಯ ಗದ್ದೆಯಲ್ಲಿ, ಮುಯ್ಯಾಳಾಗಿ ಹೋಗಿ.

“ಹೇಗೆ ತಡೆದುಕೊಂಡಿರಿ” ಎಂದು ಕೇಳುವವರಿಗೆ ನಾನು ಹೇಳುವುದು ಈ ಘಟನೆಯನ್ನೇ. ಬೇಸಾಯದಲ್ಲಿ ನುರಿತ ಹೆಂಗಸು, ಮೂವತ್ತೈದು ದಾಟಿದವಳು, ಇನ್ನೊಬ್ಬರ ಅಂಗಳದಲ್ಲಿ ನಿಂತು ನನಗೆ ಗೊತ್ತಿಲ್ಲ ಎಂದಳು. ಅಷ್ಟು ದೊಡ್ಡ ಧೈರ್ಯವನ್ನು ನಾನು ಆಮೇಲೆ ಕಂಡಿಲ್ಲ. ಹಳೆಯ ಬೀಜವನ್ನು ಅವಳು ಎಸೆಯಲೂ ಇಲ್ಲ. ಕಾಲ ಬದಲಿಸಿ ಬಿತ್ತಿದಳು, ಅಷ್ಟೇ.

ನಾನು ಅವ್ವನಷ್ಟು ಬೇಗ ಕಲಿಯಲಿಲ್ಲ. ನನ್ನನ್ನು ನೋಡಲು ಬಂದಾಗ ಅತ್ತೆ ಊರು ವಿಚಾರಿಸಿದರು. ನಾನು ತಲೆ ತಗ್ಗಿಸಿದೆ, ಅಪ್ಪ ಮಾತ್ರ “ನಮ್ಮೂರು ನೀರಿನಲ್ಲಿದೆ ತಾಯಿ” ಎಂದರು. 1989ರಲ್ಲಿ ಮದುವೆಯಾಗಿ ಹಾಸನಕ್ಕೆ ಬಂದೆ. ಗೌರಿ ಹಬ್ಬಕ್ಕೆ ಬಾಗಿನ ಹಿಡಿದು ತಮ್ಮ ಬಂದಾಗ ನೆರೆಯವರು “ತವರಿನಿಂದ ಬಂದಿದ್ದಾರೆ” ಎನ್ನುತ್ತಿದ್ದರು. ನನಗೆ ಆ ಮಾತು ಒಪ್ಪಿಗೆಯಾಗುತ್ತಿರಲಿಲ್ಲ. ಅದು ಅಪ್ಪನ ಜಮೀನು, ತಮ್ಮನ ಮನೆ, ನನ್ನ ತವರು ನೀರಿನಡಿ ಇದೆ ಎಂದುಕೊಳ್ಳುತ್ತಿದ್ದೆ. ಹೆಣ್ಣುಮಕ್ಕಳು ಹೇಗೂ ಒಮ್ಮೆ ಊರು ಬಿಡುತ್ತಾರೆ, ಆದರೆ ಬಿಟ್ಟ ಊರು ಅಲ್ಲೇ ಇದೆ ಎಂಬ ನೆಮ್ಮದಿಯ ಮೇಲೆ ಬಿಡುತ್ತಾರೆ. ನನಗೆ ಅದಿರಲಿಲ್ಲ.

ಬದಲಾದದ್ದು ಚೊಚ್ಚಲ ಹೆರಿಗೆಯಲ್ಲಿ. 1991ರ ಆಗಸ್ಟ್, ಬಿಡದ ಮಳೆ. ನಡುರಾತ್ರಿ ನೋವು ಶುರುವಾಯಿತು. ಮನೆಯಿಂದ ಡಾಂಬರು ರಸ್ತೆಗೆ ಎರಡು ಮೈಲಿ ಕೆಸರು. ಅಪ್ಪ ಲಾಟೀನು ಹಿಡಿದು ಮೇಲಿನ ಮನೆಗೆ ಓಡಿದರು. ಅಜ್ಜಿ ಆಗ ಇರಲಿಲ್ಲ, ಅವರ ಇಬ್ಬರು ಮೊಮ್ಮಕ್ಕಳು ಬಂದರು, ಅವರ ಹಿಂದೆ ಇನ್ನೂ ನಾಲ್ಕು ಜನ. ಕುರ್ಚಿಗೆ ಬಿದಿರು ಕಟ್ಟಿ, ಗೊರಬು ಹೊದಿಸಿ ನನ್ನನ್ನು ಹೊತ್ತರು. ರಸ್ತೆಯಲ್ಲಿ ಯಾರದೋ ತೋಟದ ಜೀಪನ್ನು ಎಬ್ಬಿಸಿ ನಿಲ್ಲಿಸಿದ್ದರು. ಬೆಳಗಿನ ಜಾವ ಹಾಸನದಲ್ಲಿ ಮಗಳು ಹುಟ್ಟಿದಳು. ಬಾಣಂತನಕ್ಕೆ ಹಿಂದಿರುಗಿದಾಗ ದಿನಕ್ಕೊಂದು ಮನೆಯಿಂದ ಮೆಣಸಿನ ಸಾರು, ಹರಳೆಣ್ಣೆ, ಸೀಗೆಪುಡಿ ಬಂತು. ತಂದವರೆಲ್ಲ ನನ್ನನ್ನು ಮುಳುಗಡೆ ಹುಡುಗಿ ಎಂದವರೇ. ಅಂದಿನಿಂದ ಆ ಮನೆಯನ್ನು ತವರು ಎನ್ನುತ್ತೇನೆ.

ಹಾಗೆಂದು ಹುಟ್ಟಿದ ಊರನ್ನು ಮರೆತಿಲ್ಲ. ದಿನಪತ್ರಿಕೆ ಕೈಗೆ ಬಂದರೆ ಮೊದಲು ಜಲಾಶಯಗಳ ಮಟ್ಟ ನೋಡುತ್ತೇನೆ. ಹೇಮಾವತಿಯ ಗರಿಷ್ಠ ಮಟ್ಟ 2922 ಅಡಿ. ಅದರ ಹತ್ತಿರದ ಅಂಕಿ ಕಂಡರೆ ನಮ್ಮ ಅಂಗಳದ ಮೇಲೆ ತುಂಬು ನೀರಿದೆ ಎಂದು ಗೊತ್ತಾಗುತ್ತದೆ. ಆ ನೀರೇ ನಾಲೆಯಲ್ಲಿ ತುಮಕೂರಿಗೆ ಹೋಗುತ್ತದೆ. ಮಗಳ ಸಂಸಾರ ಈಗ ಅಲ್ಲಿದೆ, ಅವಳ ಮಕ್ಕಳು ಕುಡಿಯುವುದು ಅದನ್ನೇ.

ಒಂದು ಬರಗಾಲದ ಬೇಸಿಗೆಯಲ್ಲಿ ನೀರು ಬಹಳ ಹಿಂದಕ್ಕೆ ಸರಿದಿತ್ತು. ಅವ್ವನನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಅಪ್ಪ ತೀರಿಕೊಂಡಿದ್ದರು. ಒಡೆದ ಕೆಸರಿನ ಬಯಲಿನಲ್ಲಿ ಅವ್ವ ದಿಣ್ಣೆಯ ಏರನ್ನು ಗುರುತು ಹಿಡಿದು ನೆಟ್ಟಗೆ ನಡೆದಳು. ನನಗೆ ಏನೂ ಗುರುತು ಸಿಗಲಿಲ್ಲ. ಒಂದೆಡೆ ನಿಂತು ಕಾಲಿನಿಂದ ಮಣ್ಣು ಕೆದಕಿದಳು. ಒರಳುಕಲ್ಲು ಅಲ್ಲೇ ಇತ್ತು. ಕುಕ್ಕರುಗಾಲಲ್ಲಿ ಕೂತು ಗುಳಿಯೊಳಗಿನ ಹೂಳನ್ನು ಬೆರಳಿನಿಂದ ತೆಗೆದಳು, ಸೆರಗಿನಿಂದ ಒರೆಸಿದಳು, ಒಳಗೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೆಯೇ ಇದ್ದಳು. ನಾನು ಅಳುವುದಕ್ಕೆ ಸಿದ್ಧಳಾಗಿ ನಿಂತಿದ್ದೆ.

ಅವ್ವ ಎದ್ದು ಕೈ ಕೊಡವಿಕೊಂಡಳು. “ನಡಿ, ಹೊತ್ತಾಯಿತು. ಹಸುವಿಗೆ ಹುಲ್ಲು ಹಾಕಬೇಕು” ಎಂದಳು.

ಕಾರಿನವರೆಗೂ ಅವಳು ನನಗಿಂತ ಮುಂದೆಯೇ ನಡೆದಳು. ಮತ್ತೆ ಮತ್ತೆ ಹಿಂದಿರುಗಿ ನೋಡಿದ್ದು ನಾನು.