ಲೈಟ್ ಆರಿಸಬೇಡಿ ಅಂದ ಮನೆ

ಕೆಟಲ್ ತಗೊಂಡು ಹೋಗಿದ್ದೇ ತಪ್ಪು. 1500 ವ್ಯಾಟಿನ ಪುಟ್ಟ ಕೆಟಲ್. ಎಲ್ಲಿ ಹೋದರೂ ಬ್ಯಾಗಿನಲ್ಲಿ ಇರುತ್ತದೆ. ಬೆಳಗಿನ ಕಾಫಿಯನ್ನು ಇನ್ನೊಬ್ಬರ ಕೈಗೆ ಬಿಡುವಷ್ಟು ಧೈರ್ಯ ನನಗಿಲ್ಲ.

ಅದು ಆಗಸ್ಟ್ ತಿಂಗಳು. ಕಳಸದಿಂದ ಆಚೆ, ಗುಡ್ಡದ ಬುಡದಲ್ಲಿರುವ ಒಂದು ಅಡಿಕೆ ತೋಟದ ಮನೆ. ಗೆಳೆಯನ ದೂರದ ನೆಂಟರದ್ದು. "ಅವರು ಹಳ್ಳದ ನೀರಿಂದ ಮನೆಗೆ ಕರೆಂಟ್ ಮಾಡ್ಕೊಳ್ತಾರೆ, ನೋಡಿ ಬಾ" ಅಂತ ಅವನು ಎರಡು ವರ್ಷದಿಂದ ಹೇಳುತ್ತಿದ್ದ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದೆ. ಕೊಟ್ಟಿಗೆಹಾರದಲ್ಲಿ ಕಣ್ಣುಜ್ಜಿಕೊಂಡು ಇಳಿದು ನೀರುದೋಸೆ ತಿಂದೆ. ಎಲ್ಲರೂ ಹೊಗಳುತ್ತಾರೆ. ದೋಸೆ ಚೆನ್ನಾಗಿತ್ತು, ಕಾಫಿ ಬರೀ ಸಕ್ಕರೆ ನೀರು. ಕೆಟಲ್ ತಂದಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕಳಸದಲ್ಲಿ ಒಂದು ಪೆಟ್ಟು ತಿಂದೆ. ಜೀಪಿನವರು ಮುಂಗಡ ಕೇಳಿದರು. ನನ್ನ ಹತ್ತಿರ ಇದ್ದಿದ್ದು ಎಪ್ಪತ್ತು ರೂಪಾಯಿ ಮತ್ತು ಒಂದು ಫೋನು. ಫೋನಿನಲ್ಲಿ ಚಕ್ರ ಸುತ್ತುತ್ತಲೇ ಇತ್ತು, ಹಣ ಹೋಗಲಿಲ್ಲ. ಮುಕ್ಕಾಲು ಗಂಟೆ ಮಳೆಯಲ್ಲಿ ಎಟಿಎಂ ಹುಡುಕಿದೆ. ಸಿಕ್ಕಿದ ಒಂದರಲ್ಲಿ ದುಡ್ಡಿರಲಿಲ್ಲ. ಕೊನೆಗೆ ಒಬ್ಬ ಅಂಗಡಿಯವರು ಪಾಪ ಅಂತ ನಗದು ಕೊಟ್ಟರು. ನೀವು ಆ ಕಡೆ ಹೋಗುವುದಾದರೆ ಬೆಂಗಳೂರು ಬಿಡುವಾಗಲೇ ಜೇಬಿನಲ್ಲಿ ಎರಡು ಸಾವಿರದಷ್ಟು ಚಿಲ್ಲರೆ ನೋಟು ಇಟ್ಟುಕೊಳ್ಳಿ. ಐನೂರರ ನೋಟು ಮುರಿಸುವುದು ಇನ್ನೊಂದು ತಲೆನೋವು.

ಮನೆ ತಲುಪಿದಾಗ ಮಧ್ಯಾಹ್ನ. ಕಾಲಿಗೆ ಹತ್ತಿದ ಉಂಬಳ, ಅಂದರೆ ಜಿಗಣೆ ಕಿತ್ತು, ಕಾಲು ತೊಳೆದು, ಪತ್ರೊಡೆ ತಿಂದು ಮಲಗಿದೆ. ಎದ್ದಾಗ ಕತ್ತಲಾಗುತ್ತಿತ್ತು. ಮನೆ ತುಂಬಾ ಬಲ್ಬು ಉರಿಯುತ್ತಿತ್ತು. ಜಗಲಿ, ಕೊಟ್ಟಿಗೆ, ಸೌದೆ ಕೊಟ್ಟಿಗೆ, ಯಾರೂ ಇಲ್ಲದ ಕೋಣೆ, ಎಲ್ಲ ಕಡೆ. ನಮ್ಮಮ್ಮ ಕಂಡಿದ್ದರೆ ಬಾಯಿ ಮುಚ್ಚುತ್ತಿರಲಿಲ್ಲ. ನಾನು ಅಭ್ಯಾಸಬಲದಿಂದ ಒಂದೊಂದೇ ಆರಿಸುತ್ತಾ ಬಂದೆ.

"ಯಾಕೆ ಆರಿಸಿದ್ರಿ?" ಅಂದರು ಮನೆಯ ಯಜಮಾನರು.

"ಸುಮ್ನೆ ಉರೀತಿತ್ತಲ್ಲ. ಕರೆಂಟ್ ಉಳೀಲಿ ಅಂತ."

"ಉಳಿಸಿ ಎಲ್ಲಿಡ್ತೀರಿ ಮಾರಾಯ್ರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಛತ್ರಿ ಬಿಡಿಸಿ, ಬನ್ನಿ ಅಂದರು. ತೋಟದ ಕೆಳಗೆ, ಹಳ್ಳದ ಪಕ್ಕ, ನಾಯಿಗೂಡಿನಷ್ಟು ದೊಡ್ಡ ಒಂದು ಶೆಡ್ಡು. ಒಳಗೆ ಕಬ್ಬಿಣದ ಪೆಟ್ಟಿಗೆ, ಅದರಿಂದ ಕೊಳವಿ ಊದಿದ ಹಾಗೆ ಒಂದೇ ಸಮ ಶಬ್ದ. ಪೆಟ್ಟಿಗೆಯಲ್ಲಿ ಪೆಲ್ಟನ್ ಚಕ್ರ. ಸುತ್ತ ಜೋಡಿ ಸೌಟುಗಳನ್ನು ಜೋಡಿಸಿದ ಹಾಗಿರುತ್ತದೆ. ಗುಡ್ಡದ ಮೇಲೆ ಹಳ್ಳಕ್ಕೆ ಸಣ್ಣ ಕಟ್ಟೆ, ಅಲ್ಲಿಂದ ಕೆಳಗಿನವರೆಗೂ ಪೈಪು, ತುದಿಯಲ್ಲಿ ಹೆಬ್ಬೆರಳಷ್ಟು ದಪ್ಪದ ಮೂತಿ. ಅಲ್ಲಿಂದ ಚಿಮ್ಮುವ ನೀರು ಸೌಟಿಗೆ ಹೊಡೆದು ಚಕ್ರ ತಿರುಗಿಸುತ್ತದೆ. ಹೊಡೆದ ನೀರು ಹಾಗೇ ಹಳ್ಳಕ್ಕೆ ವಾಪಸ್.

ಈ ಮನೆಗಳಿಗೆ ನೀರಿನ ಈ ಲೆಕ್ಕ ಹೊಸದಲ್ಲ. ಅವರ ಅಜ್ಜನ ಕಾಲದಲ್ಲಿ ಅಡಿಕೆ ಮರ ಸೀಳಿ ದಂಬೆ ಮಾಡಿ, ಗುಡ್ಡದ ನೀರನ್ನು ನೇರ ಬಚ್ಚಲಿಗೆ ಇಳಿಸುತ್ತಿದ್ದರಂತೆ. ಪಂಪು ಅನ್ನುವುದೇ ಇರಲಿಲ್ಲ. ಈಗ ದಂಬೆ ಹೋಗಿ ಪೈಪು ಬಂದಿದೆ, ಜೊತೆಗೊಂದು ಚಕ್ರ. ಇಂಥ ಪುಟ್ಟ ಟರ್ಬೈನಿಗೆ ಸರ್ಕಾರದ ಸಬ್ಸಿಡಿಯೂ ಇತ್ತು. ಮಲೆನಾಡಿನ ಎಷ್ಟೋ ಒಂಟಿ ಮನೆಗಳಿಗೆ ಲೈನ್ ಕಂಬಕ್ಕಿಂತ ಮೊದಲು ಬೆಳಕು ಬಂದಿದ್ದು ಹೀಗೆ.

ನಾನು ಪೆನ್ನು ಹಿಡಿದು ಲೆಕ್ಕ ಹಾಕಿದೆ. ಎತ್ತರ 40 ಮೀಟರ್, ನೀರು ಸೆಕೆಂಡಿಗೆ 5 ಲೀಟರ್ ಅಂದುಕೊಂಡರೆ ಸುಮಾರು 2000 ವ್ಯಾಟ್. ಪೈಪು, ಚಕ್ರ, ಜನರೇಟರ್ ತಮ್ಮ ತಮ್ಮ ಪಾಲು ತಿಂದು ಉಳಿಯುವುದು ಅರ್ಧ. ಅಂದರೆ ಒಂದು ಕಿಲೋವ್ಯಾಟ್. ಕಡಿಮೆ ಅನಿಸುತ್ತದೆ ಅಲ್ವಾ? ಆದರೆ ಇದು ಹಗಲು ರಾತ್ರಿ ನಿಲ್ಲುವುದೇ ಇಲ್ಲ. ದಿನಕ್ಕೆ 24 ಯೂನಿಟ್, ತಿಂಗಳಿಗೆ 720. ಗೃಹಜ್ಯೋತಿಯಲ್ಲಿ ನಮಗೆ ಪುಕ್ಕಟೆ ಸಿಗುವ ಮಿತಿ 200.

ಆದರೂ ಒಮ್ಮೆಗೆ ಬಳಸಲು ಸಿಗುವುದು ಅದೇ ಒಂದು ಕಿಲೋವ್ಯಾಟ್. ಹೆಚ್ಚು ಸಿಗಲ್ಲ, ಕಡಿಮೆ ಬಳಸಿದರೂ ಆಗಲ್ಲ. ನೀರು ಒಂದೇ ಸಮ ತಳ್ಳುತ್ತಿರುತ್ತದೆ. ಮನೆಯಲ್ಲಿ ಬಳಕೆ ಇಳಿದರೆ ಚಕ್ರಕ್ಕೆ ಭಾರ ಇಳಿದು ಜೋರಾಗಿ ಓಡುತ್ತದೆ. ವೋಲ್ಟೇಜ್ ಏರಿ ಬಲ್ಬುಗಳು ಸುಟ್ಟು ಹೋಗುತ್ತವೆ. ಮೊದಮೊದಲು ಅದಕ್ಕೇ ನೂರು ವ್ಯಾಟಿನ ಬುರುಡೆ ಬಲ್ಬುಗಳನ್ನು ಹಗಲು ಹೊತ್ತೂ ಉರಿಸಿಡುತ್ತಿದ್ದರಂತೆ. ಆಮೇಲೆ ಲೋಡ್ ಕಂಟ್ರೋಲರ್ ಬಂತು. ಮನೆ ಬಳಸದೆ ಬಿಟ್ಟ ಕರೆಂಟನ್ನು ಅದು ತಾನಾಗಿ ಬಚ್ಚಲಮನೆಯ ಡ್ರಮ್ಮಿನಲ್ಲಿರುವ ಕಾಯಿಲಿಗೆ ತಿರುಗಿಸುತ್ತದೆ. ನಾನು ಬಲ್ಬು ಆರಿಸಿದ್ದರಿಂದ ಆಗಿದ್ದಿಷ್ಟೇ: ಸ್ನಾನದ ನೀರು ಸ್ವಲ್ಪ ಜಾಸ್ತಿ ಕಾಯಿತು.

"ಬಚ್ಚಲೊಲೆ ಹಚ್ಚಿ ಎಂಟು ವರ್ಷ ಆಯ್ತು" ಅಂದರು ಅಕ್ಕ, ಯಜಮಾನರ ಹೆಂಡತಿ. ಮಳೆಗಾಲದಲ್ಲಿ ಒಣಸೌದೆಗೆ ಎಷ್ಟು ಒದ್ದಾಡಬೇಕು ಅಂತ ಗೊತ್ತಿರುವವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ. ಬಲ್ಬಿಗಿಂತ ಅವರಿಗೆ ಆ ಬಿಸಿನೀರೇ ದೊಡ್ಡದು.

ಬೆಳಿಗ್ಗೆ ಐದಕ್ಕೆ ಎದ್ದು, ಯಾರಿಗೂ ತೊಂದರೆ ಕೊಡಬಾರದು ಅಂತ ಕೆಟಲ್ ಚುಚ್ಚಿದೆ. ಲೈಟು ಮಂಕಾಯಿತು. ಮರುಕ್ಷಣ ಮನೆಯೇ ಕತ್ತಲು. ತೋಟದ ಕೆಳಗಿನಿಂದ ಚಕ್ರ ಕಿರುಚುವ ಶಬ್ದ. ಇರುವುದಕ್ಕಿಂತ ಜಾಸ್ತಿ ಎಳೆದರೆ ಜನರೇಟರ್ ಸೋತು ಕೈ ಬಿಡುತ್ತದೆ, ಭಾರವಿಲ್ಲದ ಚಕ್ರ ಹುಚ್ಚೆದ್ದು ಓಡುತ್ತದೆ. ಯಜಮಾನರು ಒಂದು ಮಾತೂ ಆಡದೆ ಕಂಬಳಿ ಕೊಪ್ಪೆ ಹಾಕಿಕೊಂಡು, ಟಾರ್ಚು ಹಿಡಿದು ಸುರಿಯುವ ಮಳೆಯಲ್ಲಿ ಇಳಿದರು. ವಾಲ್ವ್ ಮುಚ್ಚಿ, ಬ್ಯಾಟರಿ ಮುಟ್ಟಿಸಿ ಜನರೇಟರಿಗೆ ಮತ್ತೆ ಜೀವ ಕೊಟ್ಟು ಬರುವಷ್ಟರಲ್ಲಿ ಇಪ್ಪತ್ತು ನಿಮಿಷ. ನಾನು ಕೆಟಲನ್ನು ಬ್ಯಾಗಿನ ತಳಕ್ಕೆ ತುರುಕಿ ಕಳ್ಳನ ಹಾಗೆ ಕೂತಿದ್ದೆ.

ಅಕ್ಕ ಒಲೆಯ ಮೇಲೆ ಕಾಫಿ ಮಾಡಿ ಕೊಟ್ಟರು. ನನ್ನ ಕಾಫಿಗಿಂತ ಎಷ್ಟೋ ಚೆನ್ನಾಗಿತ್ತು, ಅದೂ ಒಂದು ಅವಮಾನ.

"ನಮ್ಮಲ್ಲೂ ಮೊದಲು ಇದೇ ಗಲಾಟೆ" ಅಂದರು. "ನಾನು ಮಿಕ್ಸಿ ಹಾಕೋದು, ಇವರು ಇಸ್ತ್ರಿ ಪೆಟ್ಟಿಗೆ ಹಾಕೋದು. ಢಮಾರ್. ಈಗ ಮಿಕ್ಸಿ ಹಾಕೋ ಮೊದಲು ನಾನು ಕೂಗ್ತೀನಿ. ಇಸ್ತ್ರಿ ಪೆಟ್ಟಿಗೆ ಅಟ್ಟಕ್ಕೆ ಹೋಯ್ತು."

"ಲೈನ್ ಕರೆಂಟ್ ಇಲ್ವಾ?"

"ಐದು ವರ್ಷ ಆಯ್ತು ಬಂದು. ಈಗ ಹನ್ನೊಂದು ದಿನದಿಂದ ಇಲ್ಲ. ಎಲ್ಲೋ ಮರ ಬಿದ್ದಿದೆ."

ಆಗ ನನಗೆ ಇದರ ಸೊಗಸು ಹೊಳೆಯಿತು. ಮಳೆಗಾಲದಲ್ಲಿ ಮರ ಬಿದ್ದು ಲೈನು ಸಾಯುತ್ತದೆ, ಹಳ್ಳ ತುಂಬಿ ಹರಿಯುತ್ತದೆ. ಫೆಬ್ರವರಿ ದಾಟಿದರೆ ಹಳ್ಳ ಸೊರಗುತ್ತದೆ, ಆಗ ಲೈನಿನ ಮೇಲೆ ಬೀಳುವ ಮರ ಕಡಿಮೆ. ಒಂದು ಮಲಗಿದಾಗ ಇನ್ನೊಂದು ಎದ್ದಿರುತ್ತದೆ. ಲೈನ್ ಬಂದ ಕೂಡಲೇ ಟರ್ಬೈನ್ ಗುಜರಿಗೆ ಹಾಕಿದ ಮನೆಗಳೂ ಕೆಳಗಿವೆಯಂತೆ. "ಈಗ ಅವರು ಮೊಬೈಲ್ ಚಾರ್ಜ್ ಮಾಡೋಕೆ ಇಲ್ಲಿಗೆ ಬರ್ತಾರೆ" ಅಂದರು ಅಕ್ಕ. ದನಿಯಲ್ಲಿ ಸ್ವಲ್ಪ ಖುಷಿ ಇತ್ತು, ಇರಲಿ ಬಿಡಿ.

ನೀರಿಗೆ ಜಗಳ ಆಗಲ್ವಾ ಅಂತ ಕೇಳಿದೆ. ಚಕ್ರಕ್ಕೆ ಆಗಲ್ಲ, ಸ್ಪ್ರಿಂಕ್ಲರಿಗೆ ಆಗುತ್ತೆ ಅಂದರು ಯಜಮಾನರು. ಚಕ್ರ ನೀರು ಕುಡಿಯುವುದಿಲ್ಲ, ತೋಟ ಕುಡಿಯುತ್ತದೆ. ಬೇಸಿಗೆಯಲ್ಲಿ ಮೇಲಿನ ಮನೆಯವರು ಸ್ಪ್ರಿಂಕ್ಲರ್ ಬಿಟ್ಟ ದಿನ ಇವರ ಬಲ್ಬು ಮಂಕು. ಬಲ್ಬು ನೋಡಿಯೇ ಮೇಲಿನ ಮನೆಯಲ್ಲಿ ಇವತ್ತು ತೋಟಕ್ಕೆ ನೀರು ಅಂತ ಹೇಳುತ್ತಾರೆ.

ಆಮೇಲೆ ಅವರು ಕೇಳಿದರು. "ನಿಮ್ಮ ಮನೆ ಕರೆಂಟ್ ಎಲ್ಲಿಂದ ಬರುತ್ತೆ?"

ನಾನು ತಡವರಿಸಿದೆ. ಶರಾವತಿಯೋ, ರಾಯಚೂರಿನ ಕಲ್ಲಿದ್ದಲೋ, ಪಾವಗಡದ ಸೋಲಾರೋ, ಎಲ್ಲ ಬೆರೆತು ಬರುತ್ತೆ ಅಂದೆ. ಶರಾವತಿ ಅಂದ ಕೂಡಲೇ ಅವರ ಮುಖ ಬದಲಾಯಿತು. ಅವರ ಅತ್ತೆಯ ಕಡೆಯವರ ಊರು ಲಿಂಗನಮಕ್ಕಿಯಲ್ಲಿ ಮುಳುಗಿದ್ದಂತೆ. 1964ರಲ್ಲಿ ಮುಗಿದ ಅಣೆಕಟ್ಟು ಅದು. ಎಬ್ಬಿಸಿ ಬೇರೆ ಕಡೆ ಕಳಿಸಿದ ಮೇಲೆ ಆ ಮನೆಗೆ ಎಷ್ಟೋ ವರ್ಷ ಚಿಮಣಿ ದೀಪವೇ ಗತಿಯಾಗಿತ್ತು. "ಅವರ ಗದ್ದೆ ಮೇಲೆ ನಿಮ್ಮ ಫ್ಯಾನು ತಿರುಗ್ತಿದೆ" ಅಂತ ನಕ್ಕರು. ನಾನೂ ನಕ್ಕೆ, ನಗು ಸರಿಯಾಗಿ ಬರಲಿಲ್ಲ. ಅವರು ಮಾತು ಬದಲಿಸಿ ಅಡಿಕೆ ಕೊಳೆರೋಗದ ಬಗ್ಗೆ ಹೇಳಲು ಶುರು ಮಾಡಿದರು.

ಮರುದಿನ ಹೊರನಾಡಿಗೆ ಹೋಗಿ ಊಟ ಮಾಡಿ ಬಂದೆ. ಕುದುರೆಮುಖ ಮಂಜಿನಲ್ಲಿ ಕಾಣಲಿಲ್ಲ.

ಹೊರಡುವ ಬೆಳಿಗ್ಗೆ ಜೀಪು ಬಂದು ಹಾರ್ನ್ ಹೊಡೆಯಿತು. ಬ್ಯಾಗು ಎತ್ತಿಕೊಂಡು ಜಗಲಿಗೆ ಬಂದೆ. ಎಲ್ಲರೂ ಕೂತಿದ್ದರು. ಅಷ್ಟರಲ್ಲಿ ತಲೆ ಮೇಲಿನ ಬಲ್ಬು ಒಂದು ಸಲ ಕುಗ್ಗಿತು, ಮತ್ತೆ ಏರಿತು, ಮತ್ತೆ ಕುಗ್ಗಿತು. "ಕಟ್ಟೆಗೆ ಎಲೆ ಕಟ್ತು" ಅಂದರು ಅಕ್ಕ. ಯಜಮಾನರು ಆಗಲೇ ಎದ್ದು ಕತ್ತಿ ಸೊಂಟಕ್ಕೆ ಸಿಕ್ಕಿಸಿದ್ದರು. ನಾನು ಬರ್ತೀನಿ ಅಂದೆ. ಹೂಂ ಅಂದರು, ಕಣ್ಣು ಬಲ್ಬಿನ ಮೇಲೇ ಇತ್ತು. ಜೀಪು ತಿರುಗುವಾಗ ನೋಡಿದೆ. ಕಂಬಳಿ ಕೊಪ್ಪೆ ಗುಡ್ಡ ಹತ್ತುತ್ತಿತ್ತು.