ಪುಸ್ತಕ ಮುಚ್ಚಿಸಿ ಓದಿಸ್ತಿದ್ದ ನಮ್ಮ ಮೇಷ್ಟ್ರು

ಯಮಾತಾರಾಜಭಾನಸಲಗಂ. ಪದ್ಯದ ಛಂದಸ್ಸಲ್ಲಿ ಬರೋ ಗಣಗಳನ್ನ, ಅಂದ್ರೆ ಮೂರು ಮೂರಕ್ಷರದ ಗುಂಪುಗಳನ್ನ, ನೆನಪಿಡೋ ಸೂತ್ರ ಇದು. ನಮ್ಮ ಬ್ಯಾಚಿನ ಯಾರನ್ನ ಬೇಕಾದ್ರೂ ನಿದ್ದೆಗಣ್ಣಲ್ಲಿ ಕೇಳಿ, ಎಂಟೂ ಗಣ ಬಿಡಿಸಿ ಹೇಳ್ತಾರೆ. ಅವರಲ್ಲಿ ಒಬ್ಬ ಈಗ ಲಾರಿ ಇಟ್ಕೊಂಡಿದಾನೆ, ಒಬ್ಬಳು ನರ್ಸು, ನಾನು ಇನ್ನೊಂದೂರಲ್ಲಿ ಹೈಸ್ಕೂಲ್ ಟೀಚರು. ಹತ್ತನೇ ಕ್ಲಾಸಲ್ಲಿ ಕಲಿತದ್ದು ಇಷ್ಟು ವರ್ಷ ಆದ್ಮೇಲೂ ಹೀಗೆ ಉಳಿದಿದೆ ಅಂದ್ರೆ ಅದಕ್ಕೆ ಕಾರಣ ನಮ್ಮ ತಲೆ ಅಲ್ಲ, ಕಲಿಸಿದ ರೀತಿ. ನಮ್ಮ ಕನ್ನಡ ಮೇಷ್ಟ್ರು ಹೇಗೆ ಕಲಿಸ್ತಿದ್ರು ಅಂತ ಈ ವರ್ಷ ಪರೀಕ್ಷೆಗೆ ಕೂರೋ ಮಕ್ಕಳಿಗೆ ತಿಳೀಲಿ ಅಂತಾನೇ ನಮ್ಮ ಸ್ಕೂಲ್ ಮ್ಯಾಗಜೀನಿಗೆ ಇದನ್ನ ಬರೀತಿದೀನಿ.

ಮೊದಲು ಆ ಸೂತ್ರ ಹೇಗೆ ಕೆಲಸ ಮಾಡುತ್ತೆ ನೋಡಿ. ಯಗಣ ಬೇಕಾ, ಯ ಅಕ್ಷರದಿಂದ ಮೂರಕ್ಷರ ತಗೊಳ್ಳಿ, ಯಮಾತಾ, ಅಂದ್ರೆ ಲಘು ಗುರು ಗುರು (ಗಿಡ್ಡ ಉಚ್ಚಾರದ್ದು ಲಘು, ಉದ್ದದ್ದು ಗುರು). ಮಗಣ ಬೇಕಾ, ಮಾತಾರಾ, ಮೂರೂ ಗುರು. ನಗಣಕ್ಕೆ ನಸಲ, ಮೂರೂ ಲಘು. ಹೀಗೆ ಎಂಟು ಗಣ ಹತ್ತೇ ಅಕ್ಷರದೊಳಗೆ ಕೂತಿವೆ. ಇದನ್ನ ಬೋರ್ಡ್ ಮೇಲೆ ಬರೆದು "ಬಾಯಿಪಾಠ ಮಾಡ್ಕೊಂಡು ಬನ್ನಿ" ಅಂದಿದ್ರೆ ನಾವೂ ಮಾಡ್ಕೊಂಡು ಬರ್ತಿದ್ವಿ, ಪರೀಕ್ಷೆ ಮುಗಿದ ವಾರಕ್ಕೆ ಮರೀತಿದ್ವಿ. ಮೇಷ್ಟ್ರು ಹಾಗೆ ಮಾಡ್ಲಿಲ್ಲ. ಹಾಜರಿ ಕೂಗ್ತಾ ಕೂಗ್ತಾ ಯಾರದ್ದೋ ಹೆಸರು ಬಂದಾಗ ನಿಲ್ಲಿಸಿ, ನಿನ್ನ ಹೆಸರು ಯಾವ ಗಣ ಹೇಳು ಅಂತಿದ್ರು. ಮಾಲತಿ ಅಂದ್ರೆ ಗುರು ಲಘು ಲಘು, ಭಗಣ. ರಮೇಶ ಅಂದ್ರೆ ಜಗಣ. ಊರಿನ ಹೆಸರು, ಬಸ್ಸಿನ ಬೋರ್ಡು, ಎಲ್ಲಾದಕ್ಕೂ ಪ್ರಸ್ತಾರ, ಅಂದ್ರೆ ಲಘು ಗುರು ಗುರುತು, ಹಾಕಿಸೋರು, ಪುಸ್ತಕ ಮಾತ್ರ ಚೀಲದಲ್ಲೇ ಇರಬೇಕು.

ಆಮೇಲೆ ವೃತ್ತಗಳು, ಅಂದ್ರೆ ಪದ್ಯದ ಸಾಲಲ್ಲಿ ಗಣಗಳು ಇಂಥದೇ ಕ್ರಮದಲ್ಲಿ ಬರಬೇಕು ಅನ್ನೋ ಅಚ್ಚುಗಳು, ಬಂದ್ವು. ಖ್ಯಾತ ಕರ್ಣಾಟಕ ವೃತ್ತಗಳು ಆರು, ಆರಕ್ಕೂ ಬೇರೆ ಬೇರೆ ಗಣ, ಅಕ್ಷರಸಂಖ್ಯೆ ಹತ್ತೊಂಬತ್ತರಿಂದ ಇಪ್ಪತ್ತೆರಡರವರೆಗೆ, ಎಲ್ಲರಿಗೂ ತಲೆನೋವು. ಮೇಷ್ಟ್ರು ಉತ್ಪಲಮಾಲೆ ಬರೆಸಿದ್ರು, ಭ ರ ನ ಭ ಭ ರ ಲ ಗ (ಕೊನೇ ಎರಡು ಬಿಡಿ ಲಘು, ಗುರು), ಇಪ್ಪತ್ತಕ್ಷರ. ಈಗ ಮೊದಲನೇ ಗುರುವನ್ನ ಒರೆಸಿ ಅಲ್ಲಿ ಎರಡು ಲಘು ಹಾಕಿ, ಮತ್ತೆ ಮೂರು ಮೂರಕ್ಷರಕ್ಕೆ ಗೆರೆ ಹೊಡೀರಿ ಅಂದ್ರು. ಹೊಡೆದ್ರೆ ನ ಜ ಭ ಜ ಜ ಜ ರ ಬಂತು, ಇಪ್ಪತ್ತೊಂದು ಅಕ್ಷರ, ಅದೇ ಚಂಪಕಮಾಲೆ! ಶಾರ್ದೂಲವಿಕ್ರೀಡಿತಕ್ಕೆ ಹಾಗೇ ಮಾಡಿದ್ರೆ ಮತ್ತೇಭವಿಕ್ರೀಡಿತ ಬರುತ್ತೆ, ಸ್ರಗ್ಧರೆಗೆ ಮಾಡಿದ್ರೆ ಮಹಾಸ್ರಗ್ಧರೆ. ಆರು ನೆನಪಿಡೋ ಜಾಗದಲ್ಲಿ ಮೂರು ಸಾಕಾಯ್ತು, ಉಳಿದ ಮೂರು ಬೇಕಾದಾಗ ನಾವೇ ಹುಟ್ಟಿಸ್ಕೋಬಹುದು. ಆವತ್ತಿನ ಖುಷಿ ಈಗಲೂ ನನಗೆ ನೆನಪಿದೆ. ಪರೀಕ್ಷೇಲಿ ಇದಕ್ಕೆ ಬರೋದು ಮೂರ್ನಾಲ್ಕು ಮಾರ್ಕ್ಸು ಇರಬಹುದು, ಆದ್ರೆ ಒಂದು ವಿಷಯದ ಒಳಗಿನ ಸಂಬಂಧ ಕಂಡ್ರೆ ನೆನಪಿಡೋ ಭಾರ ಅರ್ಧ ಇಳಿಯುತ್ತೆ ಅನ್ನೋದು ನನಗೆ ಗೊತ್ತಾಗಿದ್ದು ಅಲ್ಲಿ, ಆ ಬೋರ್ಡ್ ಮುಂದೆ.

ಸಮಾಜದ ಇಸವಿಗಳಿಗೂ ನಾನು ಇದನ್ನೇ ಮಾಡ್ತೀನಿ. 1799, 1831, 1881 ಅಂತ ಬಿಡಿಬಿಡಿಯಾಗಿ ಉರು ಹೊಡೆಯೋ ಬದಲು, 1799ರಲ್ಲಿ ಟಿಪ್ಪು ಶ್ರೀರಂಗಪಟ್ಟಣದಲ್ಲಿ ತೀರ್ಕೊಂಡ, ಇನ್ನೂ ಚಿಕ್ಕ ಹುಡುಗನಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿದ್ರು, ನಗರ ಅನ್ನೋ ಸೀಮೇಲಿ ದಂಗೆ ಆಯ್ತು ಅಂತ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ಕಿತ್ಕೊಂಡ್ರು, ಐವತ್ತು ವರ್ಷ ಕಮಿಷನರುಗಳೇ ಆಳಿ 1881ರಲ್ಲಿ ಚಾಮರಾಜ ಒಡೆಯರಿಗೆ ವಾಪಸ್ ಕೊಟ್ರು, ಅಂತ ಕಥೆ ಥರ ಹೇಳ್ಕೊಂಡ್ರೆ ಒಂದು ಇಸವಿ ಇನ್ನೊಂದನ್ನ ಎಳ್ಕೊಂಡು ಬರುತ್ತೆ.

ಮೇಷ್ಟ್ರದ್ದು ಇನ್ನೊಂದು ಅಭ್ಯಾಸ ಇತ್ತು. ಪ್ರತಿ ಪೀರಿಯಡ್ಡಿನ ಮೊದಲ ಐದು ನಿಮಿಷ "ಹಳೇದು". ನಿನ್ನೆ ಮಾಡಿದ್ದು ಕೇಳ್ತಾರೆ ಅಂತ ರೆಡಿಯಾಗಿ ಹೋದ್ರೆ ಜೂನ್ ತಿಂಗಳ ಪಾಠದಿಂದ ಕೇಳೋರು, ಗೊತ್ತಿಲ್ಲ ಅಂದ್ರೆ ಬೈಯೋರಲ್ಲ, ಸ್ವಲ್ಪ ಯೋಚ್ನೆ ಮಾಡು ಅಂತ ಸುಮ್ಮನೆ ನಿಂತ್ಕೊಳೋರು. ಆ ಸುಮ್ಮನಿರೋ ಹೊತ್ತಲ್ಲಿ ಎಷ್ಟೋ ಸಲ ಉತ್ತರ ತಾನಾಗೇ ಬರ್ತಿತ್ತು. ಬರದಿದ್ರೆ ಆಗ ಪುಸ್ತಕ ತೆಗೆದು ನೋಡೋದು, ಅದಕ್ಕೂ ಮುಂಚೆ ಅಲ್ಲ.

ಬಿ.ಎಡ್ ಮಾಡೋವಾಗ ಸೈಕಾಲಜಿ ಪೇಪರಲ್ಲಿ ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ವಿಜ್ಞಾನಿ ಬಂದ. ಅರ್ಥವೇ ಇಲ್ಲದ ಪದಗಳನ್ನ ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೀತು ಅಂತ ಲೆಕ್ಕ ಇಟ್ಟು 1885ರಲ್ಲಿ ಪುಸ್ತಕ ಮಾಡಿದೋನು. ಕಲಿತ ಮೊದಲ ಕೆಲವು ಗಂಟೆ, ಮೊದಲ ದಿನದಲ್ಲೇ ಜಾಸ್ತಿ ಮರೆಯುತ್ತೆ, ಆಮೇಲೆ ಮರೆಯೋ ವೇಗ ಕಮ್ಮಿಯಾಗುತ್ತೆ, ಒಂದೇ ಸಲ ಕೂತು ಉಜ್ಜೋದಕ್ಕಿಂತ ಕೆಲವು ದಿನಕ್ಕೆ ಹಂಚ್ಕೊಂಡು ಓದಿದ್ರೆ ಕಡಿಮೆ ಸಲಕ್ಕೆ ನಿಲ್ಲುತ್ತೆ ಅಂತ ತೋರಿಸಿದ. ಅದನ್ನ ಓದ್ತಾ ನನಗೆ ಮೇಷ್ಟ್ರ "ಹಳೇದು" ಕಣ್ಮುಂದೆ ಬಂತು.

ಆಮೇಲೆ ಇನ್ನೊಂದು ಓದಿದೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಅನ್ನೋರು ಕಾಲೇಜು ಹುಡುಗರಿಗೆ ಒಂದು ಪಾಠ ಓದಿಸಿ, ಕೆಲವರಿಗೆ ಅದನ್ನೇ ಇನ್ನೊಂದು ಸಲ ಓದಿ ಅಂದ್ರು, ಉಳಿದವರಿಗೆ ಪಾಠ ನೋಡದೆ ನೆನಪಿರೋದನ್ನ ಬರೀರಿ ಅಂದ್ರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಸ್ವಲ್ಪ ಮುಂದಿದ್ರು. ಒಂದು ವಾರ ಬಿಟ್ಟು ಕೇಳಿದಾಗ ಪೂರ್ತಿ ಉಲ್ಟಾ, ಮತ್ತೆ ಓದಿದವರಿಗೆ ನೆನಪಿದ್ದದ್ದು ಶೇ. 42ರಷ್ಟು, ನೋಡದೆ ಬರೆದವರಿಗೆ ಶೇ. 56ರಷ್ಟು. ಮಕ್ಕಳೇ, ನೀವು ಇದನ್ನ ದಯವಿಟ್ಟು ಸೀರಿಯಸ್ಸಾಗಿ ತಗೊಳ್ಳಿ, ಯಾಕಂದ್ರೆ ಮತ್ತೆ ಮತ್ತೆ ಓದಿದಾಗ ಎಲ್ಲಾ ಗೊತ್ತಿದೆ ಅನ್ನಿಸುತ್ತೆ, ಲೈನುಗಳೆಲ್ಲ ಪರಿಚಯದ ಮುಖಗಳ ಥರ ಕಾಣುತ್ತೆ, ಆದ್ರೆ ಪರೀಕ್ಷೆ ಹಾಲಲ್ಲಿ ಪುಸ್ತಕ ಇರಲ್ಲ, ಅಲ್ಲಿ ಬೇಕಾಗಿರೋದು ಏನೂ ಇಲ್ಲದ ಕಡೆಯಿಂದ ನೆನಪು ಮಾಡ್ಕೊಂಡು ತೆಗೆಯೋ ಅಭ್ಯಾಸ. ಆ ಅಭ್ಯಾಸ ಮನೇಲೇ ಆಗ್ಬೇಕು.

ಹೇಗೆ ಅಂದ್ರೆ, ಒಂದು ಪಾಠ ಓದಿ, ಪುಸ್ತಕ ಮುಚ್ಚಿ, ಒಂದು ಖಾಲಿ ಹಾಳೇಲಿ ಬಂದಷ್ಟು ಬರೀರಿ. ಪಾಯಿಂಟು ಮಾತ್ರ ಸಾಕು, ಅಕ್ಷರ ಚೆನ್ನಾಗಿರಬೇಕಿಲ್ಲ. ಆಮೇಲೆ ಪುಸ್ತಕ ತೆಗೆದು ಬಿಟ್ಟುಹೋಗಿದ್ದನ್ನ ಬೇರೆ ಬಣ್ಣದ ಪೆನ್ನಲ್ಲಿ ಸೇರಿಸಿ. ಮಾರನೇ ದಿನ ಒಂದ್ಸಲ, ಮೂರ್ನಾಲ್ಕು ದಿನ ಬಿಟ್ಟು ಒಂದ್ಸಲ, ಹತ್ತು ಹದಿನೈದು ದಿನ ಬಿಟ್ಟು ಇನ್ನೊಂದ್ಸಲ, ಬೇರೆ ಬಣ್ಣ ಕಮ್ಮಿ ಆಗ್ತಾ ಹೋಗುತ್ತೆ. ಸೈನ್ಸಿನ ಚಿತ್ರಗಳಿಗೂ ಇದೇ. ಹೃದಯ, ಕಣ್ಣು, ನೆಫ್ರಾನ್ ಚಿತ್ರ ಪಕ್ಕದಲ್ಲಿಟ್ಕೊಂಡು ನೋಡಿ ನೋಡಿ ಬರೆಯೋದು ಡ್ರಾಯಿಂಗು ಅಷ್ಟೇ, ನೋಡದೆ ಬರೆದು ಭಾಗ ಗುರುತಿಸಿ ಆಮೇಲೆ ತಾಳೆ ನೋಡಿದ್ರೆ ಮಾತ್ರ ಅದು ಓದು.

ಗಣಿತದ ಪ್ರಮೇಯಗಳ ಬಗ್ಗೆ ಒಂದು ಮಾತು ಹೇಳ್ಲೇಬೇಕು. ದತ್ತ, ಸಾಧನೀಯ, ರಚನೆ, ಸಾಧನೆ ಅಂತ ಥೇಲ್ಸ್ ಪ್ರಮೇಯವನ್ನ ಸಾಲು ಸಾಲಾಗಿ ಉರು ಹೊಡೆದಿರೋ ಮಕ್ಕಳು ನನ್ನ ಕ್ಲಾಸಲ್ಲಿ ಈಗಲೂ ಇದಾರೆ, ತ್ರಿಭುಜದ ಹೆಸರು ಎಬಿಸಿ ಇಂದ ಪಿಕ್ಯೂಆರ್‌ಗೆ ಬದಲಾದ ತಕ್ಷಣ ನಿಂತುಬಿಡ್ತಾರೆ. ಅದಕ್ಕೇ ನಾನು ಪ್ರತಿ ಸಲ ಅಕ್ಷರ ಬದಲಾಯಿಸಿ, ಕೆಲವು ಸಲ ಚಿತ್ರವನ್ನೇ ತಲೆಕೆಳಗು ಮಾಡಿ ಕೊಡ್ತೀನಿ. ಲೆಕ್ಕಗಳನ್ನೂ ಅಷ್ಟೇ, ಒಂದೇ ಅಭ್ಯಾಸದ ಇಪ್ಪತ್ತು ಲೆಕ್ಕ ಒಟ್ಟಿಗೆ ಮಾಡಿದ್ರೆ ಯಾವ ಸೂತ್ರ ಹಾಕ್ಬೇಕು ಅನ್ನೋ ಯೋಚನೆಯೇ ಬರಲ್ಲ, ಶ್ರೇಢಿ ಒಂದು, ವರ್ಗಸಮೀಕರಣ ಒಂದು, ತ್ರಿಕೋನಮಿತಿ ಒಂದು ಅಂತ ಬೆರೆಸಿ ಮಾಡಿ. ಕಷ್ಟ ಅನ್ಸುತ್ತೆ, ನಿಧಾನ ಆಗುತ್ತೆ, ಆದ್ರೆ ಕ್ವೆಶ್ಚನ್ ಪೇಪರ್ ಬರೋದೇ ಹಾಗೆ ಬೆರೆಸಿಕೊಂಡು.

ರಾತ್ರಿ ಎಲ್ಲಾ ಎದ್ದು ಓದೋದಕ್ಕೆ ನಾನು ಒಪ್ಪಲ್ಲ, ನಮ್ಮ ಮೇಷ್ಟ್ರೂ ಒಪ್ತಿರಲಿಲ್ಲ. ಓದಿದ್ದು ತಲೇಲಿ ಗಟ್ಟಿಯಾಗೋದು ನಿದ್ದೇಲಿ, ಇದನ್ನ 1924ರಷ್ಟು ಹಿಂದೆಯೇ ಜೆಂಕಿನ್ಸ್, ಡಾಲೆನ್‌ಬ್ಯಾಕ್ ಅನ್ನೋರು ಪ್ರಯೋಗ ಮಾಡಿ ನೋಡಿದಾರೆ, ಕಲಿತು ಮಲಗಿದವರಿಗೆ ಕಲಿತು ಎಚ್ಚರ ಇದ್ದವರಿಗಿಂತ ಜಾಸ್ತಿ ನೆನಪಿತ್ತು. ಮನೆಯವರು ಮಕ್ಕಳನ್ನ ಎಬ್ಬಿಸಿ ಎಬ್ಬಿಸಿ ಟೀ ಕೊಡೋದನ್ನ ನೋಡಿದ್ರೆ ನನಗೆ ಸಂಕಟ ಆಗುತ್ತೆ, ಪ್ರೀತಿಯಿಂದಲೇ ಮಾಡ್ತಾರೆ, ಆದ್ರೂ ಮಲಗಿಸಿ ಅಂತ ಪೇರೆಂಟ್ಸ್ ಮೀಟಿಂಗಲ್ಲಿ ಪ್ರತಿ ವರ್ಷ ಹೇಳ್ತೀನಿ.

ಇನ್ನು ಪ್ರಿಪರೇಟರಿ ಪೇಪರು. ಕೈಗೆ ಬಂದ ತಕ್ಷಣ ಎಲ್ಲರೂ ಮಾರ್ಕ್ಸ್ ನೋಡಿ ಮಡಚಿ ಚೀಲಕ್ಕೆ ಹಾಕ್ತಾರೆ. ಹಾಕ್ಬೇಡಿ. ಮಾರ್ಕ್ಸ್ ಹೋಗಿರೋ ಪ್ರತಿ ಪ್ರಶ್ನೆ ಪಕ್ಕ, ಓದೇ ಇರಲಿಲ್ವಾ, ಓದಿದ್ದೂ ನೆನಪಿಗೆ ಬರಲಿಲ್ವಾ, ಪ್ರಶ್ನೆ ಅರ್ಥ ಆಗಲಿಲ್ವಾ, ಟೈಮ್ ಸಾಲಲಿಲ್ವಾ ಅಂತ ಬರೀರಿ. ನೆನಪಿಗೆ ಬರದೇ ಇದ್ದದ್ದಕ್ಕೆ ಖಾಲಿ ಹಾಳೆ, ಟೈಮ್ ಸಾಲದ್ದಕ್ಕೆ ಗಡಿಯಾರ ಇಟ್ಕೊಂಡು ಹಳೇ ಪೇಪರ್ ಬರೆಯೋದು, ಅರ್ಥ ಆಗದೇ ಇದ್ದದ್ದಕ್ಕೆ ಮೇಷ್ಟ್ರ ಹತ್ರ ಹೋಗಿ ಕೇಳೋದು. ಈಗಿರೋ ಟೀಚರ್‌ಗಳೂ ಸಂಜೆ ಬೆಲ್ ಹೊಡೆದ ಮೇಲೆ ಸ್ಟಾಫ್‌ರೂಮಲ್ಲಿ ಸ್ವಲ್ಪ ಹೊತ್ತು ಇರ್ತಾರಂತೆ, ಈ ವಾರಾನೇ ಹೋಗಿ ಕೇಳಿ.