ಓಡುವಾಗ ಕೆಡದ ಬೈಕು ನಿಂತಲ್ಲೇ ಕೆಟ್ಟಿತು: ಪುಷ್ಯ ಮಳೆಯಲ್ಲಿ ಮೂಡಿಗೆರೆ ಸವಾರಿ

ಪುಷ್ಯ ಮಳೆ ಹಿಡಿದ ಎರಡನೆಯ ದಿನ ಹೊರಟೆವು, ನಾನು ಮತ್ತು ನನ್ನ ಹೆಂಡತಿಯ ತಮ್ಮ. ನನ್ನದು ಎರಡು ವರ್ಷದ ಹಿಂದೆ ಕೊಂಡ ಇಂಜೆಕ್ಷನ್ ಬೈಕು, ಅಂದರೆ ಟ್ಯಾಂಕಿನೊಳಗಿನ ಪಂಪು ಪೆಟ್ರೋಲನ್ನು ಒತ್ತಿ ಎಂಜಿನ್ನಿಗೆ ಚಿಮ್ಮಿಸುವ ಬಗೆ. ಅವನದು ನಮ್ಮ ಮಾವನವರು ಹಾಲಿನ ಡೈರಿಗೆ ಓಡಿಸುತ್ತಿದ್ದ 2009ರ ಸ್ಪ್ಲೆಂಡರ್. ಹಿಂದಿನ ರಾತ್ರಿ ಊಟಕ್ಕೆ ಕುಳಿತಾಗ, "ಘಟ್ಟದಲ್ಲಿ ನಿನ್ನ ಗಾಡಿ ಕೈಕೊಟ್ಟರೆ ನಾನು ಹಗ್ಗ ಕಟ್ಟಿ ಎಳೆಯುವುದಿಲ್ಲ" ಎಂದು ಎಲ್ಲರ ಮುಂದೆ ಹೇಳಿದ್ದೆ. ಆ ಮಾತು ಈಗ ನಮ್ಮ ಮನೆಯಲ್ಲಿ ಗಾದೆಯ ಹಾಗೆ ಬಳಕೆಯಲ್ಲಿದೆ.

ಮೈಸೂರು, ಕೆ.ಆರ್. ನಗರ, ಹೊಳೆನರಸೀಪುರ, ಹಾಸನ. ಇಲ್ಲಿಯವರೆಗೆ ಬರೆಯುವಂಥದ್ದು ಏನೂ ಇಲ್ಲ. ಹಾಸನದ ತನಕ ಬಂದು "ಇಷ್ಟೇನಾ ಮಳೆ?" ಎಂದುಕೊಂಡು ರೇನ್‌ಕೋಟನ್ನು ಚೀಲದ ತಳಕ್ಕೆ ಹಾಕುವವರಿಗೆ ಒಂದು ಮಾತು: ಒಂದೇ ಜಿಲ್ಲೆಯಾದರೂ ಅರಸೀಕೆರೆಯದು ರಾಗಿಯ ಮಳೆ, ಸಕಲೇಶಪುರದ್ದು ಕಾಫಿಯ ಮಳೆ. ಪಡುವಣಕ್ಕೆ ಹೋದಷ್ಟೂ ಆಕಾಶ ತಗ್ಗಾಗುತ್ತದೆ. ನಮಗೆ ಬೇಲೂರಿನಲ್ಲೇ ಹಿಡಿಯಿತು. ಚೆನ್ನಕೇಶವನ ಗುಡಿಯಲ್ಲಿ ಅಂದು ಇಪ್ಪತ್ತು ಜನವೂ ಇರಲಿಲ್ಲ, ನನಗೆ ಅದೇ ದೊಡ್ಡ ದರ್ಶನ. 1117ರಲ್ಲಿ ಕಟ್ಟಿದವರು ಗೋಡೆಯಿಂದ ಆಚೆಗೆ ಬಾಗಿದ ಸೂರು ಇಟ್ಟು, ನೀರು ಎಲ್ಲಿಂದ ಇಳಿದುಹೋಗಬೇಕು ಎಂದು ಮೊದಲೇ ಯೋಚಿಸಿದ್ದರು. ಮರುದಿನ ನನ್ನ ಪೆಟ್ರೋಲ್ ಟ್ಯಾಂಕನ್ನು ನೋಡುತ್ತಾ ಆ ಸೂರನ್ನು ನೆನಪಿಸಿಕೊಂಡೆ.

ಬೇಲೂರಿನಿಂದ ಮೂಡಿಗೆರೆಯವರೆಗೆ ಮಳೆ ಒಂದು ಕ್ಷಣವೂ ಬಿಡಲಿಲ್ಲ. ಹೊಡೆದ ಹೊಡೆತಕ್ಕೆ ಹೆಲ್ಮೆಟ್ಟಿನೊಳಗೆ ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ. ಆದರೂ ಎರಡೂ ಬೈಕುಗಳು ಒಂದು ಸಲವೂ ಕೆಮ್ಮಲಿಲ್ಲ. ನಾನು ಸಿದ್ಧತೆ ಮಾಡಿಕೊಂಡೇ ಬಂದಿದ್ದೆ. ಪ್ಲಗ್ಗಿನ ರಬ್ಬರ್ ಟೋಪಿಯನ್ನು ಕಿತ್ತು ಒರೆಸಿ, ಅಂಚಿಗೆ ತೆಳುವಾಗಿ ವ್ಯಾಸಲಿನ್ ಸವರಿ ಮತ್ತೆ ಕೂರಿಸಿದ್ದೆ. ಬಿರುಕು ಬಿಟ್ಟ ಹಳೆಯ ಟೋಪಿಯಾದರೆ ಅದರೊಳಗೆ ನೀರು ಇಳಿದು, ಕಿಡಿ ಪ್ಲಗ್ಗಿಗೆ ಹೋಗುವ ಬದಲು ಎಂಜಿನ್ನಿನ ಮೈಗೆ ಹಾರುತ್ತದೆ. ಮಳೆಯಲ್ಲಿ ಕೆಟ್ಟು ನಿಂತ ಹಳೆಯ ಬೈಕುಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಏರ್ ಫಿಲ್ಟರ್ ಹೊಸದು, ಹಿಂದಿನ ಟೈರು ಹೊಸದು, ಕ್ಲಚ್ ಕೇಬಲ್ಲಿಗೆ ಎಣ್ಣೆ ಬಿಟ್ಟು ಒಂದು ಬದಲಿ ಕೇಬಲನ್ನೂ ಸೀಟಿನ ಕೆಳಗೆ ಸುತ್ತಿಟ್ಟಿದ್ದೆ. ಇಷ್ಟೆಲ್ಲ ಮಾಡಿದವನಿಗೆ ಜಂಬ ಬಾರದೆ ಇರುತ್ತದೆಯೇ?

ಈಗ ಕೋಣೆಯ ವಿಷಯ. ಮೂಡಿಗೆರೆಯಿಂದ ಒಳಗೆ, ಕಾಫಿ ತೋಟದ ನಡುವಿನ ಒಂದು ಹೋಂಸ್ಟೇ. ಫೋನಿನಲ್ಲಿ 2,200 ರೂಪಾಯಿ ಎಂದಿದ್ದರು. ಹೋದ ಮೇಲೆ ತಿಳಿಯಿತು, ಅದು ಕೋಣೆಗಲ್ಲ, ತಲೆಗೆ. ಮಲೆನಾಡಿನ ಹೋಂಸ್ಟೇಗಳಲ್ಲಿ ತಲೆ ಲೆಕ್ಕವೇ ರೂಢಿ, ಅದನ್ನು ಕೇಳದೆ ಇದ್ದದ್ದು ನನ್ನ ತಪ್ಪು ಎಂದೇ ಇಟ್ಟುಕೊಳ್ಳೋಣ. ಆದರೆ "ಬೈಕು ನಿಲ್ಲಿಸಲು ಮಾಡಿನ ಕೆಳಗೆ ಜಾಗ ಇದೆಯೇ?" ಎಂದು ನಾನು ಎರಡು ಸಲ ಕೇಳಿದ್ದೆ, ಎರಡು ಸಲವೂ "ಇದೆ ಸರ್" ಎಂದಿದ್ದರು. ಮಾಡಿನ ಕೆಳಗೆ ಅವರ ಎರಡು ಜೀಪುಗಳು ನಿಂತಿದ್ದವು. ನಮಗೆ ತೋರಿಸಿದ್ದು ಒಂದು ಸಿಲ್ವರ್ ಓಕ್ ಮರದ ಬುಡ. ಸಂಜೆ ಐದಕ್ಕೇ ಕರೆಂಟು ಹೋಯಿತು, ಬಿಸಿನೀರಿಲ್ಲ. ಒದ್ದೆ ಬಟ್ಟೆಯನ್ನು ಅಡುಗೆಮನೆಯ ಒಲೆಯ ಮೇಲೆ ಹರವಬಹುದೇ ಎಂದು ಕೇಳಿದರೆ ಅತಿಥಿಗಳಿಗೆ ಒಳಗೆ ಪ್ರವೇಶವಿಲ್ಲ ಎಂದರು. ಊಟದ ಕಳಲೆ ಪಲ್ಯ ಚೆನ್ನಾಗಿತ್ತು. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ.

ನನ್ನ ಬೈಕು ಆ ಮರದ ಕೆಳಗೆ ಸೈಡ್ ಸ್ಟ್ಯಾಂಡಿನ ಮೇಲೆ ರಾತ್ರಿಯಿಡೀ ನಿಂತಿತ್ತು. ಬಾಮೈದ ಯಾರನ್ನೂ ಕೇಳದೆ ತನ್ನ ಗಾಡಿಯನ್ನು ಸೌದೆ ಕೊಟ್ಟಿಗೆಯೊಳಗೆ ನುಗ್ಗಿಸಿ ಬಂದಿದ್ದ.

ಬೆಳಿಗ್ಗೆ ಗುಂಡಿ ಒತ್ತಿದೊಡನೆ ಎಂಜಿನ್ ಎದ್ದಿತು. ಎರಡು ಕಿಲೋಮೀಟರ್ ನೆಟ್ಟಗೆ ಓಡಿ, ಒಂದು ಏರಿನಲ್ಲಿ ಎರಡು ಸಲ ಮುಗ್ಗರಿಸಿ ನಿಂತುಬಿಟ್ಟಿತು. ಮತ್ತೆ ಎಷ್ಟು ಒತ್ತಿದರೂ ಗಿರಗಿರ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಹಗ್ಗ ಕಟ್ಟಿ ಎಳೆದದ್ದು ಯಾರು ಯಾರನ್ನು ಎಂದು ಬೇರೆ ಹೇಳಬೇಕಾಗಿಲ್ಲ.

ಪೇಟೆಯ ಮೊದಲ ಗ್ಯಾರೇಜಿನವನು ಸೈಡ್ ಸ್ಟ್ಯಾಂಡಿನ ಸ್ವಿಚ್ಚನ್ನು ಒಂದು ಸಲ ಅಲುಗಾಡಿಸಿ ನೋಡಿದ. ಈಚಿನ ಬೈಕುಗಳಲ್ಲಿ ಆ ಸ್ವಿಚ್ಚಿಗೆ ಕೆಸರು ಮೆತ್ತಿಕೊಂಡರೆ, ಗೇರಿಗೆ ಹಾಕಿದೊಡನೆ ಎಂಜಿನ್ ಆರುತ್ತದೆ. ಒಂದು ಬಾಟಲಿ ನೀರು ರಭಸವಾಗಿ ಚಿಮ್ಮಿ ತೊಳೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ, ನೆನಪಿರಲಿ. ನನ್ನದು ಅದಲ್ಲ. ಅವನು ಕೈ ಒರೆಸಿಕೊಂಡು, "ಪೆಟ್ರೋಲ್ ಪಂಪು ಹೋಗಿದೆ ಸರ್. ಹಾಸನದಿಂದ ತರಿಸಬೇಕು. 5,800 ಆಗುತ್ತದೆ, ನಾಳೆ ಸಂಜೆ ಬನ್ನಿ" ಎಂದ. ನಾನು ಪರ್ಸಿಗೆ ಕೈ ಹಾಕುವವನಿದ್ದೆ. ಬಾಮೈದ ನನ್ನ ಮೊಣಕೈ ಜಗ್ಗಿ, "ಭಾವ, ಕೀಲಿ ತಿರುಗಿಸಿ ಕಿವಿಗೊಟ್ಟು ಕೇಳಿ" ಎಂದ. ತಿರುಗಿಸಿದೆ. ಟ್ಯಾಂಕಿನೊಳಗೆ ಎರಡು ಮೂರು ಸೆಕೆಂಡು ಝುಂ ಎಂದು ಸದ್ದಾಗಿ ನಿಂತಿತು. ಅದು ಪಂಪು ತಿರುಗುವ ಸದ್ದು. ಪಂಪು ಪೂರ್ತಿ ಸತ್ತಿದ್ದರೆ ಝುಂಕಾರ ಎಲ್ಲಿಂದ ಬರಬೇಕು? ಇಂಜೆಕ್ಷನ್ ಬೈಕು ಇರುವವರು ಇಂದೇ ತಮ್ಮ ಬೈಕಿನ ಆ ಸದ್ದನ್ನು ಪರಿಚಯ ಮಾಡಿಕೊಳ್ಳಿ. ನಾನು ಎರಡು ವರ್ಷ ಆ ಬೈಕಿನ ಮೇಲೆ ಕುಳಿತಿದ್ದೇನೆ, ಅಂದೇ ಮೊದಲು ಅದನ್ನು ಕೇಳಿಸಿಕೊಂಡದ್ದು.

ಬಣಕಲ್ ದಾರಿಯಲ್ಲಿ ತಗಡಿನ ಶೆಡ್ಡೊಂದರಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಕುಳಿತಿದ್ದರು. ಬೋರ್ಡು ಇಲ್ಲ. ಹೊರಗೆ ತೋಟದವರ ನಾಲ್ಕು ಹಳೆಯ ಬೈಕುಗಳು ನಿಂತಿದ್ದವು, ಅದೇ ಬೋರ್ಡು. ನಾನು ಕಥೆ ಶುರು ಮಾಡುವ ಮೊದಲೇ ಅವರು ಕೇಳಿದ್ದು ಒಂದೇ ಪ್ರಶ್ನೆ: "ರಾತ್ರಿ ಎಲ್ಲಿ ನಿಲ್ಲಿಸಿದ್ದಿರಿ?"

ಹೇಳಿದೆ. ಅವರು ಪಂಪಿನ ಪೈಪು ಬಿಡಿಸಿ, ಟ್ಯಾಂಕನ್ನು ಇಳಿಸಿ, ತಳದಲ್ಲಿದ್ದದ್ದನ್ನು ಒಂದು ಖಾಲಿ ನೀರಿನ ಬಾಟಲಿಗೆ ಬಸಿದು, ಬಾಟಲಿಯನ್ನು ಬೆಂಚಿನ ಮೇಲೆ ಅಲುಗಾಡದಂತೆ ಇಟ್ಟರು. "ಒಂದು ಬೀಡಿ ಹೊತ್ತು ಕಾಯಿರಿ ಮಾರಾಯರೇ" ಎಂದು ತಾವು ಮಾತ್ರ ಬೀಡಿ ಹಚ್ಚದೆ ಕುಳಿತರು, ಪೆಟ್ರೋಲ್ ಹತ್ತಿರವಿತ್ತಲ್ಲ. ಬಾಟಲಿಯಲ್ಲಿ ಮೊದಲು ಎಲ್ಲವೂ ಮಸುಕು ಮಸುಕಾಗಿತ್ತು. ಹಾಗೇ ನೋಡುತ್ತಿದ್ದಂತೆ ಮೇಲಿನ ಭಾಗ ತಿಳಿಯಾಗುತ್ತಾ ಬಂದು, ತಳದಲ್ಲಿ ಮೂರು ಬೆರಳಿನಷ್ಟು ಬೇರೆಯದೇ ಪದರ ನಿಂತಿತು. ಎರಡರ ನಡುವೆ ದಾರ ಎಳೆದಂತೆ ಗೆರೆ. ಕೆಳಗಿನದು ನೀರು. ನನ್ನ ಬೈಕಿನ ಪಂಪು ಟ್ಯಾಂಕಿನ ತಳದಲ್ಲೇ ಕುಳಿತಿದೆ, ಹಾಗಾಗಿ ಬೆಳಿಗ್ಗೆ ಪಂಪಿನಲ್ಲೂ ಪೈಪಿನಲ್ಲೂ ಉಳಿದಿದ್ದ ಪೆಟ್ರೋಲ್ ಮುಗಿಯುತ್ತಲೇ ಅದು ಎಂಜಿನ್ನಿಗೆ ಮಳೆನೀರು ಕುಡಿಸಿದೆ.

ನೀರು ಒಳಗೆ ಹೋದದ್ದು ಹೇಗೆ? ಟ್ಯಾಂಕಿನ ಮುಚ್ಚಳದ ಸುತ್ತ ಒಂದು ತಗ್ಗು ಇರುತ್ತದೆಯಲ್ಲ, ಅದರಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ರಂಧ್ರವಿದೆ. ಅಲ್ಲಿ ಬಿದ್ದ ನೀರು ಆ ರಂಧ್ರದಿಂದ ಒಂದು ಸಣ್ಣ ನಳಿಕೆಯ ಮೂಲಕ ಬೈಕಿನ ಕೆಳಗೆ ಸುರಿದುಹೋಗಬೇಕು. ನನ್ನದರಲ್ಲಿ ಎರಡು ವರ್ಷದ ಧೂಳು ಗಟ್ಟಿಯಾಗಿ ಬೆಣೆ ಹೊಡೆದ ಹಾಗೆ ಕುಳಿತಿತ್ತು. ಮೇಲಾಗಿ ರಂಧ್ರ ಇರುವುದು ಬಲಗಡೆ, ಸೈಡ್ ಸ್ಟ್ಯಾಂಡಿನಲ್ಲಿ ಬೈಕು ವಾಲುವುದು ಎಡಗಡೆಗೆ. ತಗ್ಗು ಬಟ್ಟಲಿನಂತೆ ತುಂಬಿ, ಸವೆದ ರಬ್ಬರಿನ ಸಂದಿನಲ್ಲಿ ರಾತ್ರಿಯಿಡೀ ತೊಟ್ಟು ತೊಟ್ಟಾಗಿ ಇಳಿದಿದೆ. ಓಡುವಾಗ ಆ ನೀರು ಕುಲುಕಿ ಹೊರಗೆ ಚೆಲ್ಲುತ್ತಿತ್ತು, ಗಾಳಿಯೂ ಒಯ್ಯುತ್ತಿತ್ತು. ಅದಕ್ಕೇ ಹಿಂದಿನ ದಿನ ಏನೂ ಆಗಿರಲಿಲ್ಲ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೇರೆ ಬೆರೆತಿರುತ್ತದೆ. ಅದು ಸ್ವಲ್ಪ ನೀರನ್ನು ತನ್ನೊಳಗೆ ಅಡಗಿಸಿಕೊಳ್ಳುತ್ತದೆ, ಮಿತಿ ಮೀರಿದರೆ ನೀರನ್ನೂ ಕಟ್ಟಿಕೊಂಡು ಪೆಟ್ರೋಲನ್ನು ಬಿಟ್ಟು ತಳಕ್ಕೆ ಇಳಿಯುತ್ತದೆ.

ಹೊರಡುವ ಮೊದಲು ನೀವು ಮಾಡಬೇಕಾದ ಕೆಲಸಕ್ಕೆ ಐದು ನಿಮಿಷ ಸಾಕು. ಬೈಕನ್ನು ನೆಟ್ಟಗೆ ನಿಲ್ಲಿಸಿ, ಮುಚ್ಚಳ ಭದ್ರವಾಗಿ ಹಾಕಿರುವಾಗಲೇ ಸುತ್ತಲಿನ ತಗ್ಗಿಗೆ ಎರಡು ಚಮಚ ನೀರು ಬಿಡಿ. ತಕ್ಷಣ ಇಳಿದು ಬೈಕಿನ ಕೆಳಗೆ ತೊಟ್ಟಿಕ್ಕಬೇಕು. ನಿಂತರೆ ಬಟ್ಟೆಯಿಂದ ಹೀರಿ ತೆಗೆದು, ರಂಧ್ರಕ್ಕೆ ತೆಳುವಾದ ತಂತಿ ಆಡಿಸಿ. ಮೆಕ್ಯಾನಿಕ್ ಬಳಸಿದ್ದು ಹಳೆಯ ಬ್ರೇಕ್ ಕೇಬಲ್ಲಿನ ಒಂದು ಎಳೆ. ರಾತ್ರಿ ಬಯಲಲ್ಲೇ ನಿಲ್ಲಿಸಬೇಕಾದರೆ ಸೆಂಟರ್ ಸ್ಟ್ಯಾಂಡ್ ಹಾಕಿ, ಟ್ಯಾಂಕಿನ ಮೇಲೆ ಪ್ಲಾಸ್ಟಿಕ್ ಹೊದಿಸಿ. ಬೆಳಿಗ್ಗೆ ಅದನ್ನು ಮರೆಯದೆ ತೆಗೆಯಿರಿ, ಮುಚ್ಚಳಕ್ಕೆ ಉಸಿರಾಡುವ ದಾರಿ ಬೇಕು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್ ಇರುವ ಹಳೆಯ ಗಾಡಿಗಳಿಗೆ ಒಂದು ಸೌಕರ್ಯವಿದೆ: ನೀರು ಸೇರಿದೆ ಎಂಬ ಅನುಮಾನ ಬಂದರೆ ಕಾರ್ಬ್ಯುರೇಟರಿನ ತಳದ ಬಟ್ಟಲಿನ ತಿರುಪು ಸಡಿಲಿಸಿ ಬಸಿದುಬಿಟ್ಟರೆ ಮುಗಿಯಿತು, ರಸ್ತೆಬದಿಯಲ್ಲೇ ಆಗುವ ಕೆಲಸ. ಹೊಸ ಬೈಕಿನವರು ಟ್ಯಾಂಕು ಬಿಚ್ಚಿಸಬೇಕು.

ಮೆಕ್ಯಾನಿಕ್ ತೆಗೆದುಕೊಂಡದ್ದು 250 ರೂಪಾಯಿ. ಬಸಿದ ಪೆಟ್ರೋಲನ್ನು ಸಾಮಾನು ತೊಳೆಯಲು ಇಟ್ಟುಕೊಳ್ಳಲೇ ಎಂದು ಕೇಳಿ ಇಟ್ಟುಕೊಂಡರು.

ಅಲ್ಲಿಂದ ಕೊಟ್ಟಿಗೆಹಾರ. ಇಲ್ಲಿಯ ನೀರುದೋಸೆಯ ಬಗ್ಗೆ ಎಷ್ಟು ಬರೆದರೂ ನನಗೆ ಬೇಸರವಿಲ್ಲ. ವೃತ್ತದ ಹತ್ತಿರ ಹೋಟೆಲುಗಳ ಸಾಲೇ ಇದೆ. ನಾವು ಹೊಕ್ಕದ್ದು ಅತಿ ಚಿಕ್ಕದನ್ನು, ಅದರ ಒಲೆ ರಸ್ತೆಗೆ ಕಾಣುತ್ತಿತ್ತು ಎಂಬ ಒಂದೇ ಕಾರಣಕ್ಕೆ. ಒಳಗಿದ್ದ ಅಮ್ಮ ನಮ್ಮನ್ನು ನೋಡಿ ಮೊದಲು ಮಾಡಿದ್ದು, ನಮ್ಮ ಜರ್ಕಿನ್ನುಗಳನ್ನು ಇಸಿದುಕೊಂಡು ಒಲೆಯ ಹಿಂದಿನ ಹಗ್ಗಕ್ಕೆ ಹಾಕಿದ್ದು. 4,400 ಕೊಟ್ಟಲ್ಲಿ ಸಿಗದ ಉಪಚಾರ. ಹಿಟ್ಟು ಹಾಲಿಗಿಂತ ಒಂದು ಚೂರು ಮಂದ, ಅಷ್ಟೇ. ಲೋಟದಲ್ಲಿ ಮೊಗೆದು ಕಾದ ಕಾವಲಿಗೆ ಎರಚಿದರೆ ಚರ್ ಎಂದು ಜಾಲರಿಯಾಗುತ್ತದೆ, ಮೇಲೊಂದು ಮುಚ್ಚಳ. ಮಗುಚುವ ಮಾತೇ ಇಲ್ಲ, ನಾಲ್ಕು ಮಡಿಕೆಯಾಗಿ ತಟ್ಟೆಗೆ ಬೀಳುತ್ತದೆ. ಕೈಯ ಬೆರಳುಗಳು ನೀರಿನಲ್ಲಿ ನೆನೆದು ಒಣದ್ರಾಕ್ಷಿಯಂತಾಗಿದ್ದವು. ಆ ದೋಸೆಯ ಬಿಸಿಯನ್ನು ಮೊದಲು ಬೆರಳಿಗೆ ಉಣ್ಣಿಸಿ, ಆಮೇಲೆ ಬಾಯಿಗೆ ಹಾಕಿಕೊಂಡೆವು. ಕಾಯಿಚಟ್ನಿಯ ಜೊತೆ ಕೆಲವು, ಕೋಳಿ ಸಾರಿನ ಜೊತೆ ಕೆಲವು. ಬಾಮೈದ ಹನ್ನೊಂದಕ್ಕೆ ನಿಲ್ಲಿಸಿದ, ನಾನು ಲೆಕ್ಕ ಇಡಲಿಲ್ಲ. ಎರಡೆರಡು ಕಾಫಿಯೂ ಸೇರಿ 310 ರೂಪಾಯಿ.

ಚಾರ್ಮಾಡಿ ಘಟ್ಟದಲ್ಲಿ ಅಣ್ಣಪ್ಪಸ್ವಾಮಿ ಗುಡಿಯವರೆಗೆ ಇಳಿದು ಕೈಮುಗಿದು ವಾಪಸು ಹತ್ತಿದೆವು. 2019ರ ಆಗಸ್ಟಿನಲ್ಲಿ ಇಲ್ಲಿ ಗುಡ್ಡ ಜರಿದು ತಿಂಗಳುಗಟ್ಟಲೆ ರಸ್ತೆ ಮುಚ್ಚಿತ್ತು. ಮಳೆ ಜೋರಿರುವ ದಿನ ಕೊಟ್ಟಿಗೆಹಾರದಲ್ಲಿ ವಿಚಾರಿಸದೆ ಇಳಿಯಬೇಡಿ. ಸ್ಪ್ಲೆಂಡರಿನ ಬಡಾಯಿ ಇಲ್ಲಿ ಸ್ವಲ್ಪ ಇಳಿಯಿತು. ಅದರದು ಎರಡೂ ಡ್ರಮ್ ಬ್ರೇಕು. ರಸ್ತೆಗೆ ಅಡ್ಡ ಹರಿಯುವ ನೀರು ದಾಟಿದ ಮೇಲೆ ಬ್ರೇಕು ಒತ್ತಿದರೆ ಸೋಪು ಹಚ್ಚಿದಂತೆ ಜಾರುತ್ತಿತ್ತು. ನೀರು ದಾಟಿದೊಡನೆ ಬ್ರೇಕನ್ನು ಹಗುರವಾಗಿ ಒತ್ತಿ ಹಿಡಿದು ಸ್ವಲ್ಪ ದೂರ ಓಡಿಸಿದರೆ ಕಾವಿಗೆ ಆರುತ್ತದೆ. ಎರಡನೆಯ ಗೇರಿನಲ್ಲಿ ಎಂಜಿನ್ನಿನ ಹಿಡಿತದಲ್ಲೇ ಇಳಿಯುವುದು ಇನ್ನೂ ಕ್ಷೇಮ. ನನ್ನ ಚೈನು ಒಂದೇ ರಾತ್ರಿಗೆ ಕಾವಿ ಬಳಿದಂತೆ ಕೆಂಪಾಗಿತ್ತು. ಮಳೆಗಾಲದಲ್ಲಿ ಚೈನಿನ ಎಣ್ಣೆಗೆ ಒಂದು ದಿನದ ಆಯುಷ್ಯ, ಸಂಜೆ ನಿಲ್ಲಿಸಿದ ಮೇಲೆ ಬಿಸಿ ಇರುವಾಗಲೇ ಚೈನು ಒರೆಸಿ ಹೊಸ ಎಣ್ಣೆ ಬಿಡಬೇಕು.

ಮೂರನೆಯ ದಿನ ಶನಿವಾರ. ಮುಳ್ಳಯ್ಯನಗಿರಿಗೆ ಹೋಗಬೇಕೆಂದಿದ್ದೆವು. ಬೆಟ್ಟದ ದಾರಿಯ ಕೈಮರ ಚೆಕ್‌ಪೋಸ್ಟಿನ ಹತ್ತಿರ ಕಾರುಗಳ ಸಾಲು ನೋಡಿ ನಾನು ಬೈಕು ತಿರುಗಿಸಿದೆ. 1,930 ಮೀಟರ್ ಎತ್ತರದ ಬೆಟ್ಟ, ಮೇಲೆ ಮಂಜು ಬಿಟ್ಟರೆ ಏನೂ ಕಾಣುವುದಿಲ್ಲ. ಮಂಜನ್ನು ನೋಡಲು ಹಾರನ್ನು ಕೇಳುತ್ತಾ ನಿಲ್ಲುವ ತಾಳ್ಮೆ ನನಗಿಲ್ಲ. ಇರುವವರು ಹೋಗಿಬನ್ನಿ.

ಹೋಂಸ್ಟೇಯವರ ಬಿಲ್ಲಿನಲ್ಲಿ ಕೊನೆಗೊಂದು ಸಾಲು ಇತ್ತು: ಕ್ಯಾಂಪ್‌ಫೈರ್, 500 ರೂಪಾಯಿ. ಆ ರಾತ್ರಿ ಬೆಂಕಿಕಡ್ಡಿಯೂ ಹೊತ್ತಿಕೊಳ್ಳುವ ಹಾಗಿರಲಿಲ್ಲ. "ಎಲ್ಲಿ ಹಾಕಿದ್ದಿರಿ, ನಮಗೂ ತೋರಿಸಿ" ಎಂದು ಬಾಮೈದ ಕೊಡೆ ಹಿಡಿದು ಅಂಗಳಕ್ಕೆ ಹೊರಟೇಬಿಟ್ಟ. ಅವರು ಗೊಣಗುತ್ತಾ ಆ ಸಾಲನ್ನು ಹೊಡೆದುಹಾಕಿದರು. ಉಳಿದ ಐನೂರರಲ್ಲಿ ಊರಿಗೆ ಮರಳುವ ಮೊದಲು ಮತ್ತೆ ಕೊಟ್ಟಿಗೆಹಾರಕ್ಕೆ ಹೋಗಿ ನೀರುದೋಸೆ ತಿಂದೆವು. ದಾರಿ ಸುತ್ತಾಗಿತ್ತು, ಮಳೆ ಹಾಗೇ ಸುರಿಯುತ್ತಿತ್ತು.